ಯಾವ ಮರಕ್ಕೆ ಮದ್ದು?

ಮಿಜಾರು, ಮೂಡುಬಿದಿರೆ, ಬೆಳ್ತಂಗಡಿಯ ತೋಟಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಒಂದೂ ಗೊನೆ ತಪ್ಪದಂತೆ ಬೀಳಬೇಕು. ಕೊಳೆರೋಗ ಯಾವ ಮರಕ್ಕೆ ಬಂದೀತು ಎಂದು ಯಾರೂ ಆರಿಸುತ್ತ ಕೂರುವುದಿಲ್ಲ. ಹತ್ತು ಮರಕ್ಕೆ ಬಿಟ್ಟ ಮದ್ದು ದಂಡವಾದರೂ ಮರಕ್ಕೆ ನೋವಿಲ್ಲ, ನಷ್ಟವೂ ದೊಡ್ಡದಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಕಿಮೋಥೆರಪಿಯೂ ಬಹುಕಾಲ ಇದೇ ಲೆಕ್ಕದಲ್ಲಿ ನಡೆಯಿತು: ಗಡ್ಡೆ ಇಷ್ಟು ದೊಡ್ಡದಿದ್ದರೆ, ಕಂಕುಳಿನ ಗ್ರಂಥಿಗೆ ಹಬ್ಬಿದ್ದರೆ, ಎಲ್ಲರಿಗೂ ಮದ್ದು. ಆದರೆ ಇಲ್ಲಿ ದಂಡವಾಗುವ ಮದ್ದನ್ನು ಮೈಯಲ್ಲಿ ಅನುಭವಿಸುವವಳು ಒಬ್ಬ ಹೆಂಗಸು. ಹಾಗಾಗಿ ಯಾರಿಗೆ ಮದ್ದು ಬೇಕು, ಯಾರಿಗೆ ನಾಟುತ್ತದೆ ಎಂದು ಮೊದಲೇ ಹೇಳುವ ಯಂತ್ರಕ್ಕಾಗಿ ಜಗತ್ತಿನೆಲ್ಲೆಡೆ ಹುಡುಕಾಟ ನಡೆದಿದೆ. ಈ ಎರಡು ಪ್ರಶ್ನೆಗಳು ಬೇರೆ ಬೇರೆ. ಈ ವರ್ಷ ಕೊಳೆ ಬರುತ್ತದೆಯೇ ಎಂಬುದು ಒಂದು, ಬಂದರೆ ಬೋರ್ಡೋಗೆ ಬಗ್ಗುತ್ತದೆಯೇ ಎಂಬುದು ಇನ್ನೊಂದು. ಯಂತ್ರವೊಂದನ್ನು ನಂಬುವ ಮೊದಲು ಅದು ಯಾವ ಪ್ರಶ್ನೆಗೆ ಉತ್ತರಿಸುತ್ತಿದೆ, ಆ ಉತ್ತರದಿಂದ ಯಾವ ತೀರ್ಮಾನ ಬದಲಾಗುತ್ತದೆ ಎಂದು ಕೇಳಬೇಕು. ನೂರಕ್ಕೆ ಎಷ್ಟು ಸರಿ ಎಂಬ ಅಂಕಿ ಆಮೇಲಿನ ಮಾತು.

ಮಿಜಾರಿನ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆಗಳಲ್ಲಿ ಈಗ ಮೆಷಿನ್ ಲರ್ನಿಂಗ್ ಪಾಠದ ಭಾಗ. ಈ ವಿದ್ಯೆಗೆ ಕೈಹಾಕುವ ವಿದ್ಯಾರ್ಥಿಗಳು ಎಲ್ಲೇ ಇರಲಿ, ಅವರಿಗೆ ಬೇಗ ಸಿಗುವ ದತ್ತಾಂಶಗಳಲ್ಲೊಂದು ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂದದ್ದು: ಸೂಜಿಯಿಂದ ತೆಗೆದ ಜೀವಕೋಶಗಳ 569 ಮಾದರಿ, ಪ್ರತಿಯೊಂದಕ್ಕೂ 30 ಅಳತೆ. ಅದರಲ್ಲಿ ನೂರಕ್ಕೆ ತೊಂಬತ್ತೈದು ಮೀರಿ ಸರಿಯುತ್ತರ ಪಡೆಯುವುದು ಕಷ್ಟವಲ್ಲ. ಆದರೆ ಅಲ್ಲಿನ ಪ್ರಶ್ನೆ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂಬುದಷ್ಟೆ. ಮದ್ದು ನಾಟೀತೇ ಎಂದು ಕಲಿಸಬೇಕಾದರೆ ಬೇರೆಯೇ ಸಾಕ್ಷ್ಯ ಬೇಕು. ಕೆಲವರಿಗೆ ಮೊದಲು ಕಿಮೋ ಕೊಟ್ಟು ಆಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೆಗೆದ ಭಾಗದಲ್ಲಿ ಸೂಕ್ಷ್ಮದರ್ಶಕಕ್ಕೂ ಕ್ಯಾನ್ಸರ್ ಕಾಣದಿದ್ದರೆ ಮದ್ದು ಪೂರ್ತಿ ನಾಟಿತು ಎಂದು ಲೆಕ್ಕ. ಈ ಭಾಗ್ಯ ಟ್ರಿಪಲ್ ನೆಗೆಟಿವ್ ಎಂಬ ಬಗೆಯವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ, ಹಾರ್ಮೋನ್ ಗ್ರಾಹಕ ಇರುವ ಬಗೆಯವರಲ್ಲಿ ನೂರಕ್ಕೆ ಹತ್ತರ ಆಸುಪಾಸಿನವರಿಗೆ. ಈ ಹತ್ತನ್ನು ಹಿಡಿದು ಒಂದು ಲೆಕ್ಕ ಹಾಕಿ ನೋಡಿ. ಏನನ್ನೂ ಕಲಿಯದೆ, ನೂರು ಜನರಿಗೂ ಕಣ್ಣುಮುಚ್ಚಿ 'ನಾಟದು' ಎನ್ನುವ ಯಂತ್ರ ತೊಂಬತ್ತು ಸಲ ಸರಿಯಾಗುತ್ತದೆ! ಅಂಕಪಟ್ಟಿಯಲ್ಲಿ ಅದು ಮೊದಲ ದರ್ಜೆ, ಆಸ್ಪತ್ರೆಯಲ್ಲಿ ಮೂರು ಕಾಸಿನ ಉಪಯೋಗವಿಲ್ಲ.

ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಹೆರೆದು ಗಾಜಿನ ಪಟ್ಟಿಯ ಮೇಲೆ ಹಾಸುತ್ತಾರೆ. ಅದಕ್ಕೆ ಹುಡುಕುವ ಪ್ರೋಟೀನಿಗೇ ಅಂಟುವ ಪ್ರತಿಕಾಯ ಹಾಕಿದರೆ, ಪ್ರೋಟೀನು ಇರುವಲ್ಲೆಲ್ಲ ಕಂದು ಬಣ್ಣ ಏಳುತ್ತದೆ. ಹೀಗೆ ನೋಡುವ ಪ್ರೋಟೀನುಗಳು ಐದು. ಅವುಗಳಲ್ಲಿ ಎಬಿಸಿಸಿ4 ಮತ್ತು ಎಬಿಸಿಸಿ11 ಜೀವಕೋಶದ ಪೊರೆಯಲ್ಲಿ ಕೂತ ಪಂಪುಗಳು. ತೋಟಕ್ಕೆ ನುಗ್ಗಿದ ನೀರನ್ನು ಹೊರಗೆ ಎತ್ತಿ ಹಾಕುವಂತೆ ಒಳಬಂದ ಮದ್ದನ್ನು ಹೊರಗೆ ತಳ್ಳಬಲ್ಲವು. ಕ್ಯಾಡ್ಹೆರಿನ್‌ಗಳು ಕೋಶಕ್ಕೆ ಕೋಶ ಅಂಟಿಸುವ ಗೋಂದು. ಆ ಗೋಂದಿನ ಜಾತಿ ಬದಲಾದರೆ ಕೋಶ ಊರು ಬಿಟ್ಟು ಹೊರಡುತ್ತದೆ. ಈ ಐದರ ಜೊತೆ ಗಡ್ಡೆಯ ಗಾತ್ರ, ದರ್ಜೆ, ಗ್ರಂಥಿಗಳ ಸ್ಥಿತಿ ಸೇರಿಸಿ ಕಂಪ್ಯೂಟರ್ ಒಂದರಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. 15.5ರವರೆಗೆ ಅಪಾಯ ಕಡಿಮೆ, ಅದರ ಮೇಲೆ ಹೆಚ್ಚು. ಗಮನಿಸಿ, ಈ ಅಂಕ ಹೇಳುವುದು ಐದು ವರ್ಷದೊಳಗೆ ಕಾಯಿಲೆ ದೂರದ ಅಂಗದಲ್ಲಿ ಮರುಕಳಿಸುವ ಸಂಭವವನ್ನು. ಅಂದರೆ ಮೊದಲ ಪ್ರಶ್ನೆ, ಕೊಳೆ ಬರುತ್ತದೆಯೇ ಎಂಬುದು. ಎರಡನೆಯದಕ್ಕೆ ನೇರವಾಗಿ ಕೈಹಾಕಿದ್ದು ಬೆಂಗಳೂರಿನದೇ ಮಿತ್ರಾ ಬಯೋಟೆಕ್. ಗಡ್ಡೆಯ ತುಣುಕನ್ನು ಪ್ರಯೋಗಾಲಯದಲ್ಲಿ ಜೀವಂತವಾಗಿಟ್ಟು, ಅದರ ಮೇಲೇ ಮದ್ದು ಹಾಕಿ ನೋಡುವ ಅವರ ವಿಧಾನ 2015ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ನೋಡಿದ್ದು ತಲೆ-ಕತ್ತು ಮತ್ತು ಕರುಳಿನ ಕ್ಯಾನ್ಸರುಗಳನ್ನು.

ಕಾಯಿಲೆ ಮರಳುತ್ತದೆ ಎಂದಷ್ಟೇ ಹೇಳುವ ಅಂಕದಿಂದ ಏನು ಫಲ ಎಂದು ಕೇಳಬಹುದು. ಮರಳುವ ಸಂಭವವೇ ತೀರಾ ಕಡಿಮೆಯಿದ್ದರೆ, ಮದ್ದು ಎಷ್ಟೇ ಚೆನ್ನಾಗಿ ನಾಟಿದರೂ ಅದು ಉಳಿಸಿಕೊಡುವುದು ಅಲ್ಪ. ತೀರ್ಮಾನ ಬದಲಾಗುವುದು ಅಲ್ಲಿ. ಇದಕ್ಕೆ ಗಟ್ಟಿ ಪುರಾವೆ 2018ರ ಟೇಲರ್ಎಕ್ಸ್ ಅಧ್ಯಯನ. 21 ಜೀನುಗಳನ್ನು ಅಳೆಯುವ ಆಂಕೋಟೈಪ್ ಪರೀಕ್ಷೆಯಲ್ಲಿ 11ರಿಂದ 25ರ ನಡುವೆ ಅಂಕ ಬಂದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನ್ ಮಾತ್ರೆ ಮಾತ್ರ, ಇನ್ನೊಂದಕ್ಕೆ ಕಿಮೋ ಕೂಡ ಕೊಟ್ಟರು. ಒಂಬತ್ತು ವರ್ಷದ ಬಳಿಕ ದೂರದ ಅಂಗಕ್ಕೆ ಕಾಯಿಲೆ ಮರಳದೆ ಉಳಿದವರು ಮೊದಲ ಗುಂಪಿನಲ್ಲಿ ಶೇ. 94.5, ಎರಡನೆಯದರಲ್ಲಿ ಶೇ. 95. 'ಆ ಅರ್ಧ ಶೇಕಡಾದಲ್ಲಿ ನಮ್ಮ ಮನೆಯವಳು ಇದ್ದರೆ? ಎಲ್ಲರಿಗೂ ಕೊಟ್ಟುಬಿಡಿ' ಎಂಬ ಮಾತು ಅರ್ಥವಾಗುವಂಥದೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿಯಿಲ್ಲ. ಡಾಕ್ಸೊರುಬಿಸಿನ್ ಹೃದಯವನ್ನು ದುರ್ಬಲ ಮಾಡಬಹುದು. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳ ತುದಿ ಜೋಮು ಹಿಡಿಯಬಹುದು. ಬಂಟ್ವಾಳ, ಮೂಡುಬಿದಿರೆಯ ಕಡೆ ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸಿಗೆ ಬೆರಳ ತುದಿಯೇ ಬಂಡವಾಳ. ಎರಡೂ ಕಡೆಯ ತಪ್ಪಿಗೆ ಬೆಲೆ ತೆರಬೇಕಾದದ್ದು ಅವಳೇ. ಇದೇ ಅಧ್ಯಯನದಲ್ಲಿ ಐವತ್ತು ದಾಟದ, ಅಂಕ 16ರಿಂದ 25 ಇದ್ದ ಮಹಿಳೆಯರಿಗೆ ಕಿಮೋದಿಂದ ಒಂದಿಷ್ಟು ಲಾಭ ಕಂಡಿತ್ತು ಎಂಬುದನ್ನೂ ಮರೆಯಬಾರದು. ಅಂಕ ಒಂದೇ ಆದರೂ ವಯಸ್ಸು ಬೇರೆಯಾದರೆ ಸಲಹೆ ಬೇರೆ.

ಹೆಚ್ಚು ತೂಕದ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಪಶ್ಚಿಮದ ಹೆಂಗಸರಿಂದ ಕಲಿತ ಯಂತ್ರ ನಮ್ಮವರಿಗೆ ಹೊಂದೀತೇ? ನಮ್ಮಲ್ಲಿ ಈ ಕಾಯಿಲೆ ಅಲ್ಲಿಗಿಂತ ಎಳೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ, ಟ್ರಿಪಲ್ ನೆಗೆಟಿವ್ ಬಗೆಯೂ ಹೆಚ್ಚು. ಆಕ್ಷೇಪ ನ್ಯಾಯವಾದದ್ದು, ಆದರೆ ಅದರಿಂದ ಯಂತ್ರವೇ ಬೇಡ ಎಂದಾಗುವುದಿಲ್ಲ, ಇಲ್ಲಿಯವರಿಂದಲೂ ಅದು ಕಲಿಯಬೇಕು ಎಂದಾಗುತ್ತದೆ. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಂಡಿದೆ, ಮಾದರಿಗೆ ಬರವಿಲ್ಲ. ಮೇಣದಲ್ಲಿ ಹುದುಗಿಸಿದ ತುಣುಕು ಕಪಾಟಿನಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರ ಇರುವುದು ಉತ್ತರಕ್ಕೆ. ಐದು ವರ್ಷದ ಬಳಿಕ ಆಕೆ ಹೇಗಿದ್ದಾಳೆ ಎಂಬ ಒಂದು ಸಾಲು ಕಡತದಲ್ಲಿ ಇದ್ದರೆ ಮಾತ್ರ ಆ ತುಣುಕು ಪಾಠವಾಗುತ್ತದೆ. ಚಿಕಿತ್ಸೆ ಮುಗಿದು ಊರಿಗೆ ಮರಳಿದವಳು ಬಸ್ಸಿನ ಖರ್ಚಿಗೆ, ದಿನದ ಕೂಲಿಗೆ ಹೆದರಿ ತಪಾಸಣೆಗೆ ಬಾರದೆ ಹೋದರೆ, ಗುಣವಾಗಿ ಬರಲಿಲ್ಲವೋ ಸೋತು ಬರಲಿಲ್ಲವೋ ಯಂತ್ರಕ್ಕೆ ತಿಳಿಯದು. ಈ ವಿಷಯದ ಮೇಲೆ ಪ್ರಾಜೆಕ್ಟ್ ಮಾಡಹೊರಟವರು ಹೊಸ ಆಲ್ಗರಿದಂ ಹುಡುಕುವ ಮೊದಲು, ಹಾಗೆ ಬಾರದೆ ಹೋದವರಿಗೆ ಒಂದು ಫೋನು ಮಾಡಿ ವಿಚಾರಿಸುವ ಏರ್ಪಾಡನ್ನು ಆಸ್ಪತ್ರೆಯೊಂದಕ್ಕೆ ಕಟ್ಟಿಕೊಟ್ಟರೆ ಅದೇ ದೊಡ್ಡ ಕೆಲಸವಾದೀತು.