ಮದ್ದೂರಿನಲ್ಲಿ ನಿಂತ ಗಾಡಿ

ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಓದುವ ನಿನಗೂ ವಿದ್ಯುತ್ತಿಗೂ ಏನು ಸಂಬಂಧ ಎಂದು ಮಿತ್ರರು ನನ್ನನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಳೆದ ವರ್ಷ ನಮ್ಮ ಇತಿಹಾಸ ಸಂಘದ ವಸ್ತುಪ್ರದರ್ಶನದಲ್ಲಿ ನನ್ನ ಮಾದರಿ ರೈಲು ಮದ್ದೂರಿನಿಂದ ಆಚೆಗೆ ಹೋಗಲಾರದೆ ನಿಂತುದನ್ನೂ, ನೆರೆದವರೆಲ್ಲ "ವಡೆ ತಿನ್ನಲು ನಿಂತಿದೆ, ಬಿಡಿ" ಎಂದು ನಕ್ಕುದನ್ನೂ ಬಹುಮಂದಿ ಇನ್ನೂ ಮರೆತಿರಲಾರರು. ಆ ಗಾಡಿ ಏಕೆ ನಿಂತಿತು, ಮತ್ತೆ ಹೇಗೆ ಹೊರಟಿತು ಎಂಬುದನ್ನು ಬರೆದು ಆ ಅಪಕೀರ್ತಿಯನ್ನು ಕಳೆದುಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಈ ಬಗೆಯ ರೈಲಿನ ಪೂರ್ವಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಜರ್ಮನಿಯ ಮೆರ್ಕ್ಲಿನ್ ಸಂಸ್ಥೆ 1891ರಲ್ಲಿ ಲೈಪ್‌ಜಿಗ್ ನಗರದ ವ್ಯಾಪಾರ ಮೇಳದಲ್ಲಿ ಕೀಲಿ ಕೊಟ್ಟು ಓಡಿಸುವ ಆಟಿಕೆ ರೈಲನ್ನು ಹಳಿಗಳ ಸಮೇತ ಪ್ರದರ್ಶಿಸಿತು. ಇಂಗ್ಲೆಂಡಿನಲ್ಲಿ ಮೆಕ್ಯಾನೊ ಆಟಿಕೆಯನ್ನು ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ ಅವರ ಕಂಪನಿ 1920ರಲ್ಲಿ ಕೀಲಿಯ ರೈಲುಗಳನ್ನೂ, 1938ರಲ್ಲಿ 'ಹಾರ್ನ್‌ಬಿ ಡಬ್ಲೊ' ಎಂಬ 12 ವೋಲ್ಟಿನ ವಿದ್ಯುತ್ ರೈಲನ್ನೂ ಮಾರುಕಟ್ಟೆಗೆ ತಂದಿತು. ನನ್ನ ಗಾಡಿಯೂ ಬ್ರಿಟಿಷ್ ಅಳತೆಯದೇ. ನಿಜವಾದ ಎಂಜಿನ್ನಿನ ಒಂದು ಅಡಿಗೆ ಇದರಲ್ಲಿ 4 ಮಿಲಿಮೀಟರು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದ ನನ್ನ ಸೋದರಮಾವ ನಾನು ಎಂಟು ವರ್ಷದವನಾಗಿದ್ದಾಗ ಅದನ್ನು ತಂದುಕೊಟ್ಟರು. ಅವರು ಈಗ ಇಲ್ಲ.

ಈಗಿನ ಹೊಸ ಮಾದರಿಗಳಲ್ಲಿ ಹಲವು ಡಿಜಿಟಲ್ ಪದ್ಧತಿಯವು. ಅವುಗಳ ಹಳಿಯಲ್ಲಿ ಸದಾಕಾಲವೂ ಪೂರ್ಣ ವಿದ್ಯುತ್ತು ಇರುತ್ತದೆ. ಪ್ರತಿ ಎಂಜಿನ್ನಿನೊಳಗೂ ಒಂದು ಪುಟ್ಟ ಸಾಧನವಿದ್ದು ತನ್ನ ಹೆಸರಿಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ನನ್ನದು ಹಳೆಯ ಅನಲಾಗ್ ಪದ್ಧತಿ. ಇದರಲ್ಲಿ ಹಳಿಗೆ ಬರುವ ವೋಲ್ಟೇಜೇ ಆಜ್ಞೆ. ಕಂಟ್ರೋಲರ್ ಎಂಬ ಪೆಟ್ಟಿಗೆ ಮನೆಯ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ತಗ್ಗಿಸಿ, ಸೊನ್ನೆಯಿಂದ 12 ವೋಲ್ಟಿನವರೆಗಿನ ಏಕಮುಖ ಪ್ರವಾಹವನ್ನಾಗಿ ಮಾಡಿ ಹಳಿಗೆ ಕೊಡುತ್ತದೆ. ಗುಂಡಿಯನ್ನು ಹೆಚ್ಚು ತಿರುಗಿಸಿದರೆ ವೋಲ್ಟೇಜು ಹೆಚ್ಚು, ವೇಗವೂ ಹೆಚ್ಚು. (ಈ ಪೆಟ್ಟಿಗೆಯೊಂದನ್ನು ಮಾತ್ರ ಯಾರೂ ಬಿಚ್ಚಬಾರದು, 12 ವೋಲ್ಟು ಮಕ್ಕಳಾಟ, 230 ವೋಲ್ಟು ಪ್ರಾಣಾಪಾಯ.) ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳನ್ನು ಇಟ್ಟರೆ ಎರಡೂ ಒಟ್ಟಿಗೇ ಹೊರಡುತ್ತವೆ, ಏಕೆಂದರೆ ಹಳಿಗೆ ಹೆಸರು ಹಿಡಿದು ಕರೆಯಲು ಬಾರದು.

ವಿದ್ಯುತ್ತು ಸಂಚರಿಸುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ನೋಡೋಣ. ಅದು ಕಂಟ್ರೋಲರಿನಿಂದ ತಂತಿಯ ಮೂಲಕ ಒಂದು ಹಳಿಗೆ ಬರುತ್ತದೆ. ಹಳಿಯಿಂದ ಚಕ್ರಕ್ಕೆ, ಚಕ್ರದ ಬೆನ್ನನ್ನು ಒರೆಸುತ್ತಿರುವ ತೆಳು ಲೋಹದ ಪಟ್ಟಿಗೆ, ಅಲ್ಲಿಂದ ಮೋಟಾರಿನ ಇದ್ದಿಲ ಬ್ರಷ್ಷಿಗೆ. ಬ್ರಷ್ಷಿನಿಂದ ಕಮ್ಯುಟೇಟರ್ ಎಂಬ ತುಂಡುತುಂಡಾದ ತಾಮ್ರದ ಬಳೆಗೆ, ಅಲ್ಲಿಂದ ಸುರುಳಿಗೆ. ಸುರುಳಿಯನ್ನು ಕಾಯಂ ಅಯಸ್ಕಾಂತದ ನಡುವೆ ತಿರುಗಿಸಿ, ಇನ್ನೊಂದು ಬ್ರಷ್ಷು, ಇನ್ನೊಂದು ಪಟ್ಟಿ, ಇನ್ನೊಂದು ಪಕ್ಕದ ಚಕ್ರದ ಮೂಲಕ ಎರಡನೆಯ ಹಳಿಗೆ ಇಳಿದು ಮನೆಗೆ ಮರಳುತ್ತದೆ. ಎರಡು ಚಕ್ರಗಳ ನಡುವೆ ಅಚ್ಚಿನಲ್ಲಿ ವಿದ್ಯುತ್ತನ್ನು ತಡೆಯುವ ಏರ್ಪಾಡು ಇರುವುದರಿಂದಲೇ ಅದು ಅಡ್ಡದಾರಿ ಹಿಡಿಯದೆ ಮೋಟಾರಿನೊಳಗೆ ಹಾಯ್ದುಹೋಗುವುದು.

ಇಲ್ಲೊಂದು ಸ್ವಾರಸ್ಯವುಂಟು. ಎಂಜಿನ್ನು ಚಲಿಸುವ ದಿಕ್ಕು, ಯಾವ ಹಳಿ ಧನ ಯಾವುದು ಋಣ ಎಂಬುದನ್ನು ಅವಲಂಬಿಸಿದೆ. ಎಂಜಿನ್ನಿನ ಬಲಗಡೆಯ ಹಳಿ ಧನವಾದರೆ ಅದು ಮುಂದಕ್ಕೆ ಹೋಗಬೇಕೆಂಬುದು ರೂಢಿ. ಆದ್ದರಿಂದ ಮೈಸೂರಿನ ಕಡೆಗೆ ಹೋಗುತ್ತಿರುವ ಎಂಜಿನ್ನನ್ನು ಎತ್ತಿ, ಮುಖವನ್ನು ಬೆಂಗಳೂರಿನ ಕಡೆಗೆ ತಿರುಗಿಸಿ ಇಟ್ಟರೂ ಅದು ಮೈಸೂರಿಗೇ ಹೋಗುತ್ತದೆ, ಹಿಮ್ಮುಖವಾಗಿ! ಹೀಗೆ ಆಜ್ಞೆ ಇರುವುದು ಹಳಿಯಲ್ಲಿ, ಎಂಜಿನ್ನಿನಲ್ಲಲ್ಲ. ಈ ಮಾತನ್ನು ನಾನು ಬಲ್ಲವನಾಗಿದ್ದೂ ಸಮಯಕ್ಕೆ ಮರೆತೆನೆಂಬುದೇ ಮುಂದಿನ ಕಥೆ.

ಬೆಂಗಳೂರು-ಮೈಸೂರು ರೈಲುಮಾರ್ಗ 1882ರಲ್ಲಿ ಪೂರ್ಣವಾಯಿತಷ್ಟೆ. ಅದನ್ನು ತೋರಿಸಲು ನಾಲ್ಕು ಮೇಜುಗಳನ್ನು ಸೇರಿಸಿ, ರಟ್ಟಿನ ನಿಲ್ದಾಣಗಳನ್ನು ನಿಲ್ಲಿಸಿ, ಹಳಿಯನ್ನು ಹಾವಿನಂತೆ ಬಳುಕಿಸಿ ಹಾಸಿದ್ದೆ. ವಿದ್ಯುತ್ತು ಕೊಟ್ಟದ್ದು ಬೆಂಗಳೂರಿನ ತುದಿಯಲ್ಲಿ. ಗಾಡಿ ಬೆಂಗಳೂರು ಬಿಟ್ಟು ಚೆನ್ನಾಗಿಯೇ ಓಡಿತು. ಮದ್ದೂರು ದಾಟುತ್ತಲೇ ಸೋತು, ನಾಲ್ಕು ಹೆಜ್ಜೆ ತೆವಳಿ ನಿಂತಿತು. ಕೈಯಿಂದ ತಳ್ಳಿದರೆ ಒಂದಿಷ್ಟು ನಡುಗಿ ಮತ್ತೆ ಮೌನ. ಹಿಂದಿನ ದಿನವಷ್ಟೆ ಇದೇ ಎಂಜಿನ್ನು ಮನೆಯಲ್ಲಿ ಇದೇ ಹಳಿಗಳ ಮೇಲೆ ನೂರು ಸುತ್ತು ಹಾಕಿತ್ತು.

ಧೂಳೇ ಕಾರಣವೆಂದು ಮೊದಲು ಎಣಿಸಿದೆ. ಇಂತಹ ರೈಲುಗಳ ಹತ್ತು ಕಾಯಿಲೆಗಳಲ್ಲಿ ಎಂಟು ಕೊಳೆಯಿಂದ ಬರುತ್ತವೆಂದರೆ ಅತಿಶಯವಲ್ಲ. ಹಳಿಯ ಮೇಲೆ ಎಣ್ಣೆಯೂ ಧೂಳೂ ಸೇರಿ ಕಪ್ಪು ಪದರವಾಗಿ ಕೂರುತ್ತದೆ. ಮೊದಲು ವಿದ್ಯುತ್ತನ್ನು ಆರಿಸಿ, ಔಷಧದ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಗಾಡಿಯನ್ನು ಓಡಿಸಬೇಕು. ಉಪ್ಪುಕಾಗದ ಹಾಕಿ ಉಜ್ಜಿದರೆ ಹಳಿ ಒಂದು ದಿನ ಹೊಳೆಯುತ್ತದೆ, ಆಮೇಲೆ ಅದರ ಗೀರುಗಳಲ್ಲೇ ಕೊಳೆ ಮನೆ ಮಾಡುತ್ತದೆ. ಚಕ್ರಗಳನ್ನೂ ಪಟ್ಟಿಗಳನ್ನೂ ಹೀಗೆಯೇ ಒರೆಸಿದೆ. ಗಾಡಿ ಮದ್ದೂರಿನಿಂದ ಆಚೆಗೆ ಹೋಗಲಿಲ್ಲ.

ಮುಂದೆ ವಿಜ್ಞಾನದ ಗೆಳೆಯನೊಬ್ಬನಿಂದ ಮೀಟರು ತಂದೆ. ಗಾಡಿಯನ್ನು ಎತ್ತಿ ಪಕ್ಕಕ್ಕಿಟ್ಟು, ಮದ್ದೂರಿನ ಆಚೆಯ ಎರಡು ಹಳಿಗಳಿಗೂ ಮೀಟರಿನ ಮುಳ್ಳುಗಳನ್ನು ಒತ್ತಿದೆ. ತೋರಿಸಿದ್ದು 12 ವೋಲ್ಟು! ಹಳಿ ನಿರ್ದೋಷಿ, ಎಂಜಿನ್ನೇ ಅಪರಾಧಿ ಎಂದು ತೀರ್ಪಿತ್ತು ಅಂದು ರಾತ್ರಿ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಮಾವನ ಎಂಜಿನ್ನನ್ನು ಬಿಚ್ಚಿದೆ. ಬ್ರಷ್ಷನ್ನು ಒತ್ತಿ ಹಿಡಿಯುವ, ಅಕ್ಕಿಕಾಳಿನಷ್ಟಿದ್ದ ಸ್ಪ್ರಿಂಗು ಟಣ್ಣೆಂದು ಹಾರಿತು. ಎರಡು ಗಂಟೆಯ ಕಾಲ ನೆಲವನ್ನು ಗುಡಿಸಿದೆ, ಚಾಪೆ ಕೊಡವಿದೆ. ಆ ಎರಡು ಗಂಟೆಗಳಲ್ಲಿ ನನ್ನ ಮನಸ್ಸು ಏನಾಗಿತ್ತೆಂದು ವಿವರಿಸಲಾರೆ. ಮಾವನ ವಸ್ತುವೆಂದು ನಮ್ಮ ಮನೆಯಲ್ಲಿ ಉಳಿದಿದ್ದುದು ಅದೊಂದೇ. ಅವರ ತಂದೆಯಾದ ನನ್ನ ತಾತ ಅದು ಓಡುವುದನ್ನು ನೋಡಲು ಮರುದಿನ ಬರುವವರಿದ್ದರು. ಕೊನೆಗೆ ಸ್ಪ್ರಿಂಗು ಸಿಕ್ಕಿದ್ದು ಮೋಟಾರಿನ ಅಯಸ್ಕಾಂತಕ್ಕೇ ಅಂಟಿಕೊಂಡು. ಎಲ್ಲವನ್ನೂ ಮತ್ತೆ ಜೋಡಿಸುವ ಹೊತ್ತಿಗೆ ಬೆಳಗಾಗಿತ್ತು. ಹಳಿಯ ಮೇಲಿಟ್ಟರೆ ಮತ್ತೆ ಮದ್ದೂರು!

ತಾತ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಅರಸೀಕೆರೆಯ ಕಡೆಯ ದಾರಿ ಇನ್ನೂ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ಸುತ್ತಿಗೆ ಹೊತ್ತು ದಿನವೂ ಹಳಿಯ ಮೇಲೆ ನಡೆದವರು. ಜನ ನಗುತ್ತಿದ್ದುದನ್ನು ಅವರು ಗಮನಿಸಲಿಲ್ಲ. ಎಂಜಿನ್ನನ್ನೂ ನೋಡಲಿಲ್ಲ. ಮೇಜಿಗೆ ಕಣ್ಣು ತಾಗುವಷ್ಟು ಬಗ್ಗಿ ಹಳಿಯ ಉದ್ದಕ್ಕೂ ದೃಷ್ಟಿ ಹಾಯಿಸಿದರು. ನಾನು ಮೀಟರಿನ ಸಾಕ್ಷ್ಯವನ್ನು ಹೇಳಿದೆ.

"ಮೀಟರು ಇಟ್ಟಾಗ ಗಾಡಿ ಎಲ್ಲಿತ್ತಪ್ಪ?"

"ತೆಗೆದಿಟ್ಟಿದ್ದೆ, ತಾತ."

"ಖಾಲಿ ಹಳಿ ಯಾವಾಗಲೂ ನೆಟ್ಟಗೇ ಕಾಣುತ್ತೆ ಮಗು. ಗಾಡಿ ಮೇಲೆ ಬಂದಾಗ ನೋಡಬೇಕು."

ಸ್ಲೀಪರಿನ ಅಡಿಯ ಜಲ್ಲಿ ಸಡಿಲವಾಗಿದ್ದರೂ ಬರಿಯ ಹಳಿ ಮಟ್ಟವಾಗಿಯೇ ಕಾಣುವುದಂತೆ. ಗಾಲಿಯ ಭಾರ ಬಿದ್ದಾಗ ಮಾತ್ರ ಕುಸಿಯುವುದಂತೆ. ಅವರು ಹೇಳಿದ್ದು ಜಲ್ಲಿಯ ವಿಷಯ. ನನಗೆ ಹೊಳೆದದ್ದು ಓಮನ ನಿಯಮ. ಮೀಟರು ತಾನಾಗಿ ಹೆಚ್ಚುಕಡಿಮೆ ಏನೂ ಪ್ರವಾಹವನ್ನು ಎಳೆಯದು. ಪ್ರವಾಹವೇ ಇಲ್ಲದಿದ್ದರೆ ಕೆಟ್ಟ ಜೋಡಣೆಯಲ್ಲಿ ನಷ್ಟವೂ ಇಲ್ಲ. ಆದ್ದರಿಂದ ಪೂರ್ಣ 12 ವೋಲ್ಟು ಕಾಣುತ್ತದೆ. ಆದರೆ ಎಂಜಿನ್ನು ಕಾಲು ಆಂಪಿಯರನ್ನು ಎಳೆಯಿತೆನ್ನಿ. ಜೋಡಣೆಯಲ್ಲಿ 20 ಓಮ್ ಪ್ರತಿರೋಧವಿದ್ದರೆ 5 ವೋಲ್ಟು ಅಲ್ಲಿಯೇ ಕರಗಿಹೋಗುತ್ತದೆ, ಎಂಜಿನ್ನಿಗೆ ಉಳಿಯುವುದು 7. ಪ್ರತಿರೋಧ ಇನ್ನೂ ಹೆಚ್ಚಾದರೆ ಗಾಡಿ ನಿಲ್ಲುತ್ತದೆ. ಈ ಸಲ ನಿಂತ ಗಾಡಿಯನ್ನು ಹಳಿಯ ಮೇಲೆಯೇ ಬಿಟ್ಟು ಅಳೆದೆ. ಮದ್ದೂರಿನ ಜೋಡಣೆಗೆ ಈಚೆ 12 ವೋಲ್ಟು, ಆಚೆ 3ಕ್ಕಿಂತ ಕಡಿಮೆ.

ಹಾಗಾದರೆ ಮನೆಯಲ್ಲಿ ಓಡಿದ್ದು ಹೇಗೆ? ಅಲ್ಲಿ ಹಳಿ ಉಂಗುರದಂತೆ ಸುತ್ತಾಗಿತ್ತು. ಉಂಗುರದಲ್ಲಿ ವಿದ್ಯುತ್ತಿಗೆ ಎರಡು ದಾರಿ. ಒಂದು ಜೋಡಣೆ ಕೆಟ್ಟಿದ್ದರೆ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಉಂಗುರವನ್ನು ಬಿಡಿಸಿ ಮೈಸೂರಿನವರೆಗೆ ಎಳೆದಾಗ ಉಳಿದದ್ದು ಒಂದೇ ದಾರಿ. ಕಾಯಿಲೆ ಹಳೆಯದು, ಬಯಲಾದದ್ದು ಅಂದು.

ಜೋಡಣೆಯ ಲೋಹದ ಚಿಪ್ಪನ್ನು ಎಳೆದು ತೆಗೆದೆ. ಬಿಚ್ಚಿ ಜೋಡಿಸಿ ಅದು ಸಡಿಲವಾಗಿತ್ತು, ಒಳಗೆ ಕಪ್ಪಾಗಿತ್ತು. ಒರೆಸಿ, ಸಣ್ಣ ಇಕ್ಕಳದಿಂದ ಮೆಲ್ಲಗೆ ಅದುಮಿ ಮತ್ತೆ ಕೂರಿಸಿದೆ. ತಾತ ಅಷ್ಟಕ್ಕೆ ಸಮಾಧಾನಪಡಲಿಲ್ಲ. "ಫಿಷ್ ಪ್ಲೇಟು ಇರೋದು ಗಾಡಿ ಹೊರೋದಕ್ಕೆ, ಕರೆಂಟು ಹೊರೋದಕ್ಕಲ್ಲ. ಸಿಗ್ನಲ್ಲಿನವರು ಸ್ಟೇಷನ್ನಿನಲ್ಲಿ ಜಾಯಿಂಟಿನ ಎರಡು ಕಡೆಗೂ ತಂತಿ ಹಾಕ್ತಿದ್ದರು" ಎಂದರು. ಹಳಿಯಲ್ಲಿ ವಿದ್ಯುತ್ತು ಹರಿಸಿ ಗಾಡಿಯ ಇರವನ್ನು ತಿಳಿಯುವ ಏರ್ಪಾಡಿನಲ್ಲಿ ನಿಜವಾದ ರೈಲ್ವೆಯವರೂ ಜೋಡಣೆಯನ್ನು ನಂಬುವುದಿಲ್ಲವೆಂಬುದು ನನಗೆ ಆಗಲೇ ತಿಳಿದದ್ದು. ಪ್ರದರ್ಶನ ಮುಗಿದ ಮೇಲೆ ನಾನೂ ಪ್ರತಿ ಜೋಡಣೆಗೂ ತೆಳು ತಂತಿಯನ್ನು ಬೆಸುಗೆ ಹಾಕಿದೆ.

ಇಂತಹ ರೈಲನ್ನು ಇಟ್ಟುಕೊಂಡವರಿಗೆ ನಾನು ಕಲಿತ ಕ್ರಮವನ್ನು ಹೇಳಿಬಿಡುತ್ತೇನೆ. ಗಾಡಿ ಒಂದೇ ಜಾಗದಲ್ಲಿ ನಿಂತರೆ ಹಳಿಯನ್ನು ನೋಡಬೇಕು. ಎಲ್ಲೆಂದರಲ್ಲಿ ತಡವರಿಸಿದರೆ ಕೊಳೆಯನ್ನೂ ಚಕ್ರವನ್ನೂ ಪಟ್ಟಿಯನ್ನೂ ನೋಡಬೇಕು. ಏನೂ ಅಲುಗದಿದ್ದು ಕಂಟ್ರೋಲರು ತಾನೇ ಪ್ರವಾಹವನ್ನು ಕಡಿದುಹಾಕುತ್ತಿದ್ದರೆ ಎರಡು ಹಳಿಗಳ ನಡುವೆ ಲೋಹದ ವಸ್ತುವೇನಾದರೂ ಅಡ್ಡ ಬಿದ್ದಿದೆಯೇ, ಚಕ್ರ ಹಳಿ ತಪ್ಪಿದೆಯೇ ಎಂದು ಹುಡುಕಬೇಕು. ಎಂಜಿನ್ನಿನ ಮೇಲೆಯೇ ಅನುಮಾನವಿದ್ದರೆ ಅದನ್ನು ಅಂಗಾತ ಮಲಗಿಸಿ 9 ವೋಲ್ಟಿನ ಬ್ಯಾಟರಿಯಿಂದ ಎರಡು ತಂತಿ ತಂದು ಎಡಬಲದ ಚಕ್ರಗಳಿಗೆ ಮುಟ್ಟಿಸಬೇಕು. ಚಕ್ರ ತಿರುಗಿದರೆ ದೋಷ ಹೊರಗಿದೆ. ತಿರುಗದಿದ್ದರೆ ಮಾತ್ರ ಮೇಲಿನ ಕವಚವನ್ನು ತೆಗೆದು ಮೋಟಾರಿನ ತುದಿಗಳಿಗೇ ಮುಟ್ಟಿಸಬೇಕು. ಅಲ್ಲಿ ತಿರುಗಿದರೆ ದೋಷವಿರುವುದು ಚಕ್ರಕ್ಕೂ ಮೋಟಾರಿಗೂ ನಡುವಿನ ಪಟ್ಟಿಯಲ್ಲಿ ಅಥವಾ ತಂತಿಯಲ್ಲಿ. ಅಲ್ಲಿಯೂ ತಿರುಗದಿದ್ದರೆ ಆಗ ಬ್ರಷ್ಷು, ಕಮ್ಯುಟೇಟರು. ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟೇ ಬಿಡಬೇಕು, ಅದೂ ಹೊಲಿಗೆ ಯಂತ್ರದ ಎಣ್ಣೆಯನ್ನು. ಹೆಚ್ಚಾದರೆ ಅದು ಕಮ್ಯುಟೇಟರಿಗೆ ಇಳಿದು ಇದ್ದಿಲ ಪುಡಿಯೊಡನೆ ಸೇರಿ ಕೆಸರಾಗುತ್ತದೆ. ಸ್ಪ್ರಿಂಗನ್ನು ಮುಟ್ಟುವ ಮುನ್ನ ಬಿಳಿಯ ಬಟ್ಟೆಯೊಂದನ್ನು ಹಾಸಿಕೊಳ್ಳುವುದನ್ನು ಮರೆಯಬಾರದು!

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗಾದೆ. ಗಾದೆಯನ್ನು ಕೇಳಿ ನಾವೆಲ್ಲ ನಗುವವರೇ. ಎದ್ದು ಹೋಗಿ ನೆಲವನ್ನು ನೋಡಿದವರು ಕಡಿಮೆ. ಗಾಡಿ ಓಡಿದರೆ ಹೊಗಳಿಕೆ ಎಂಜಿನ್ನಿಗೆ, ನಿಂತರೆ ಬೈಗಳೂ ಎಂಜಿನ್ನಿಗೆ. ಹಳಿಯ ನೆನಪು ಯಾರಿಗೂ ಬಾರದು. ಮೂವತ್ತು ವರ್ಷ ಹಳಿಯನ್ನು ಕಾದ ತಾತನಿಗೆ ಇದು ಗೊತ್ತಿತ್ತೆಂದು ತೋರುತ್ತದೆ.

ಅಂದು ಮಧ್ಯಾಹ್ನ ಗಾಡಿ ಮದ್ದೂರನ್ನು ನಿಲ್ಲದೆ ದಾಟಿ ಮಂಡ್ಯ ಸೇರಿ ಮೈಸೂರಿನ ರಟ್ಟಿನ ನಿಲ್ದಾಣವನ್ನು ಮುಟ್ಟಿತು. ಹುಡುಗರು ಚಪ್ಪಾಳೆ ತಟ್ಟಿದರು. ತಾತ ಗುಂಡಿಯನ್ನು ತಾವೇ ಹಿಡಿದು, ಮಗ ತಂದ ಎಂಜಿನ್ನನ್ನು ಬಹಳ ನಿಧಾನವಾಗಿ ಮತ್ತೆ ಬೆಂಗಳೂರಿಗೆ ಕರೆತಂದರು. ಆ ಜೋಡಣೆಯ ಮೇಲೆ ಅದು ಹಾಯುವಾಗ ಮಾತ್ರ ಅವರ ಕಣ್ಣು ಎಂಜಿನ್ನಿನ ಮೇಲೆ ಇರಲಿಲ್ಲ.