ಎರಡು ನಿಮಿಷದ ವಿಮಾನಮಾರ್ಗ ಹುಟ್ಟಿದ ಬಗೆ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ಎಂಬ ನೆರೆಯ ದ್ವೀಪಗಳ ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 2.7 ಕಿಲೋಮೀಟರ್, ವೇಳಾಪಟ್ಟಿಯಲ್ಲಿ ಆ ಹಾರಾಟಕ್ಕೆ ಮೀಸಲಾದ ಅವಧಿ ಎರಡು ನಿಮಿಷ. ನಿಗದಿತ ವೇಳೆಗೆ ಸಾರ್ವಜನಿಕರನ್ನು ಒಯ್ಯುವ ವಿಮಾನಸೇವೆಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದೆಂಬ ಕೀರ್ತಿ ಇದಕ್ಕಿದೆಯಾದರೂ, ಆ ಕೀರ್ತಿಗಾಗಿ ಯಾರೂ ಈ ಮಾರ್ಗವನ್ನು ತೆರೆದವರಲ್ಲ.

1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಅವರ ಹೈಲ್ಯಾಂಡ್ ಏರ್‌ವೇಸ್ ಸಂಸ್ಥೆ ಇನ್ವರ್ನೆಸ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ಗೆ ವಿಮಾನ ಹಾರಿಸತೊಡಗಿತು. ಮರುವರ್ಷ ಅದೇ ದಾರಿಯಲ್ಲಿ ಅಂಚೆಯೂ ಸಾಗಿತು. ಆದರೆ ಇಂದಿಗೂ ನಡೆಯುತ್ತಿರುವ ಅಂತರದ್ವೀಪ ಸೇವೆಯನ್ನು 1967ರಲ್ಲಿ ಆರಂಭಿಸಿದ್ದು ಲೋಗನ್ಏರ್. ಕಟ್ಟಡ ಗುತ್ತಿಗೆಯ ಸಂಸ್ಥೆಯೊಂದು 1962ರಲ್ಲಿ ಬಾಡಿಗೆ ವಿಮಾನಕ್ಕೆಂದು ಹುಟ್ಟುಹಾಕಿದ ಕಂಪನಿ ಅದು. ಕರ್ಕ್‌ವಾಲ್‌ನಿಂದ ಹೊರಟ ವಿಮಾನ ಒಂದು ದ್ವೀಪದಲ್ಲಿ ಇಳಿದು, ಪಕ್ಕದ ದ್ವೀಪವನ್ನೂ ಮುಟ್ಟಿ ಮರಳಿದರೆ ಎರಡೂ ಕಡೆಯವರಿಗೆ ಒಂದೇ ಸುತ್ತಿನಲ್ಲಿ ಅನುಕೂಲವಾಗುತ್ತಿತ್ತು. ಆ ಸುತ್ತಿನ ನಡುವಣ ತುಣುಕೇ ಈ ಎರಡು ನಿಮಿಷದ ಹಾರಾಟ.

ಇದಕ್ಕೆ ಒದಗಿದ ವಿಮಾನ ಬ್ರಿಟನ್–ನಾರ್ಮನ್ ಸಂಸ್ಥೆಯ ಐಲ್ಯಾಂಡರ್. 1965ರಲ್ಲಿ ಮೊದಲು ಹಾರಿದ ಈ ಎರಡು ಎಂಜಿನ್ನಿನ ವಿಮಾನಕ್ಕೆ ಚಕ್ರಗಳನ್ನು ಒಳಗೆಳೆದುಕೊಳ್ಳುವ ಜಟಿಲ ಯಂತ್ರವಿಲ್ಲ; ಗಿಡ್ಡ ರನ್‌ವೇ, ಅಂದರೆ ಓಡಿ ಮೇಲೇರುವ ಚಿಕ್ಕ ಪಟ್ಟಿ, ಅದಕ್ಕೆ ಸಾಕು. ಪಯಣದ ವೇಗ, ಎಂದರೆ ಮೇಲೇರಿ ಸಮನಾಗಿ ಸಾಗುವಾಗಿನ ವೇಗ, ಗಂಟೆಗೆ ಸುಮಾರು 250 ಕಿಲೋಮೀಟರ್. ಆ ಲೆಕ್ಕದಲ್ಲಿ 2.7 ಕಿಲೋಮೀಟರ್ ದಾಟಲು 40 ಸೆಕೆಂಡೂ ಬೇಡ. ಆದರೆ ಇಷ್ಟು ಚಿಕ್ಕ ದಾರಿಯಲ್ಲಿ ವಿಮಾನವು ಏರುತ್ತಲೋ ಇಳಿಯುತ್ತಲೋ ಇರುವುದರಿಂದ ಸಮನಾಗಿ ಸಾಗಲು ಅವಕಾಶವೇ ಸಿಗದು. ಜೊತೆಗೆ ವಿಮಾನಗಳು ಗಾಳಿಗೆ ಎದುರಾಗಿ ಏರಿ, ಎದುರಾಗಿಯೇ ಇಳಿಯಬೇಕಾದ್ದರಿಂದ, ಗಾಳಿ ಬೇರೆ ದಿಕ್ಕಿನಿಂದ ಬೀಸಿದ ದಿನ ಗುರಿ ಕಣ್ಣೆದುರಿಗಿದ್ದರೂ ಸುತ್ತು ಹಾಕದೆ ಗತ್ಯಂತರವಿಲ್ಲ. ನೇರವಾಗಿ ಏರಿ ನೇರವಾಗಿ ಇಳಿಯುವ ಅನುಕೂಲ ಸಿಕ್ಕಾಗ ಕ್ಯಾಪ್ಟನ್ ಸ್ಟುವರ್ಟ್ ಲಿಂಕ್ಲೇಟರ್ 53 ಸೆಕೆಂಡಿನಲ್ಲಿ ದಾಟಿದ್ದು ದಾಖಲೆ. ಸರಾಸರಿ ತೆಗೆದರೆ ಅದು ಗಂಟೆಗೆ ಸುಮಾರು 183 ಕಿಲೋಮೀಟರ್ ವೇಗ. ವೇಳಾಪಟ್ಟಿಯ ಎರಡು ನಿಮಿಷಕ್ಕೆ ಲೆಕ್ಕ ಹಾಕಿದರೆ ಬರೀ 81, ಹೆದ್ದಾರಿಯ ಕಾರಿನಷ್ಟು. ಹತ್ತಿರದ ನಿಲ್ದಾಣಗಳ ಮಟ್ಟಿಗೆ ದೂರವನ್ನು ವೇಗದಿಂದ ಭಾಗಿಸಿ ಹಾರಾಟದ ಅವಧಿ ಹೇಳುವುದು ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುತ್ತದೆ.

ಪಾಪಾ ವೆಸ್ಟ್‌ರೇಯಲ್ಲಿರುವ ಜನ ನೂರಕ್ಕಿಂತ ಕಡಿಮೆ. ಟಿಕೆಟಿನ ಹಣವೊಂದರಿಂದಲೇ ಇಂಥ ಮಾರ್ಗ ಉಳಿಯುವುದು ಅಸಾಧ್ಯ. ಆದ್ದರಿಂದ ಮಾರುಕಟ್ಟೆ ಕೈಬಿಡಬಹುದಾದ ಸೇವೆಗೆ ಸರ್ಕಾರವೇ ಹಣ ತೆತ್ತು ಅದನ್ನು ನಡೆಸುವಂತೆ ಒಪ್ಪಂದ ಮಾಡಿಕೊಳ್ಳುವ 'ಸಾರ್ವಜನಿಕ ಸೇವಾ ಹೊಣೆ' ಎಂಬ ಪದ್ಧತಿಯಡಿ ಆರ್ಕ್ನಿಯ ಸ್ಥಳೀಯ ಆಡಳಿತ ಇದಕ್ಕೆ ನೆರವು ನೀಡುತ್ತದೆ. ಶಿಕ್ಷಕರು, ವೈದ್ಯರು, ಚಿಕಿತ್ಸೆಗೆ ಹೊರಟವರು ಇದರಲ್ಲಿ ಪ್ರಯಾಣಿಸುತ್ತಾರೆ. ನ್ಯಾಪ್ ಆಫ್ ಹೌವರ್ ಎಂಬ ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲುಮನೆಗಳನ್ನು ನೋಡಬಂದವರೂ, ಈ ಅತಿ ಚಿಕ್ಕ ಹಾರಾಟ ಮಾಡಿದ್ದಕ್ಕೆ ಸಿಗುವ ಪ್ರಮಾಣಪತ್ರದ ಆಸೆಗೆ ಹತ್ತುವ ಪ್ರವಾಸಿಗರೂ ಅವರ ನಡುವೆ ಇರುತ್ತಾರೆ. ದಾಖಲೆಯ ಮಾತು ಪ್ರವಾಸಿಗರನ್ನು ಕರೆತರುತ್ತದೆ ನಿಜ, ಆದರೆ ಮಾರ್ಗ ಉಳಿದಿರುವುದು ದ್ವೀಪದವರ ಅಗತ್ಯದಿಂದ ಮತ್ತು ಆಡಳಿತ ತೆರುವ ಹಣದಿಂದ.