ರೇಡಿಯೇಟರ್‌ಗೆ ಬರೀ ನೀರು ಹಾಕಿದರೆ ವಾಟರ್ ಪಂಪ್‌ಗೆ ಏನಾಗುತ್ತದೆ?

"ಕೂಲಂಟ್ ಇರುವುದು ಹಿಮ ಬೀಳುವ ದೇಶದವರಿಗೆ. ನಮ್ಮ ಸೆಕೆಗೆ ನಲ್ಲಿ ನೀರು ಸಾಕು, ಸುಮ್ಮನೆ ದುಡ್ಡು ದಂಡ." ಬೇಸಿಗೆ ಶುರುವಾಯಿತೆಂದರೆ ಈ ಧಾಟಿಯ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತದೆ. ಜೊತೆಗೆ ಇನ್ನೊಂದು ಸಲಹೆ: ನೀರು ಸೋರಿದರೆ ರೇಡಿಯೇಟರ್‌ಗೆ ಒಂದು ಹಿಡಿ ಅರಿಶಿನ ಪುಡಿ ಹಾಕಿ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಅದಕ್ಕೇ ಜನ ನಂಬುತ್ತಾರೆ. ಇವನ್ನು ನಂಬಿದ್ದಕ್ಕೆ ಬೆಲೆ ತೆರುವುದು ಮಾತ್ರ ಬಾನೆಟ್ ಒಳಗೆ ಯಾರ ಕಣ್ಣಿಗೂ ಬೀಳದ ವಾಟರ್ ಪಂಪ್.

ಮೊದಲು ಸತ್ಯದ ಪಾಲು. ಶಾಖ ಹೊರುವ ವಿಷಯದಲ್ಲಿ ನೀರು ನಿಜಕ್ಕೂ ಕೂಲಂಟ್‌ಗಿಂತ ಮೇಲು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ನೀರಿನ ಜೊತೆ ಸೇರಿದಾಗ ಆ ಶಕ್ತಿ ತುಸು ತಗ್ಗುತ್ತದೆ. ಆದರೆ ನೀರು ಕುದಿಯದೆ ಇದ್ದರೆ ಮಾತ್ರ ಈ ಲೆಕ್ಕ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ. ಎಂಜಿನ್ ಸಹಜವಾಗಿ ಓಡುವುದೇ 90 ಡಿಗ್ರಿ ಆಸುಪಾಸಿನಲ್ಲಿ. ಅದಕ್ಕೇ ರೇಡಿಯೇಟರ್ ಮುಚ್ಚಳ ಕುಕ್ಕರಿನ ವೆಯ್ಟ್‌ನಂತೆ ಒಳಗೆ ಒತ್ತಡ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಸುಮಾರು 120 ಡಿಗ್ರಿಯವರೆಗೆ ತಡೆದರೆ, ಅರ್ಧಕ್ಕರ್ಧ ಕೂಲಂಟ್ ಸೇರಿಸಿದ ನೀರು 130ರ ಹತ್ತಿರದವರೆಗೆ ತಡೆಯುತ್ತದೆ. ಅಂದರೆ ಹೆಪ್ಪುಗಟ್ಟದಂತೆ ತಡೆಯುವ ಅದೇ ಕೂಲಂಟ್ ಕುದಿಯದಂತೆಯೂ ತಡೆಯುತ್ತದೆ. ಏಪ್ರಿಲ್ ತಿಂಗಳಲ್ಲಿ ಐದು ಜನ ಕೂತು, ಎಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವ ಕಾರಿಗೆ ಈ ಹತ್ತು ಡಿಗ್ರಿ ಬೇಕು.

ಈಗ ಪಂಪ್. ಅದರ ಕೆಲಸ ಸರಳ. ಮಿಕ್ಸಿ ಬ್ಲೇಡಿನಂತೆ ಗಿರಗಿರನೆ ತಿರುಗುವ ಒಂದು ಚಕ್ರ ಕೂಲಂಟನ್ನು ಎಂಜಿನ್‌ನಿಂದ ರೇಡಿಯೇಟರ್‌ಗೆ, ಅಲ್ಲಿಂದ ಮತ್ತೆ ಎಂಜಿನ್‌ಗೆ ಸುತ್ತಿಸುತ್ತಲೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದನ್ನು ತಿರುಗಿಸುವುದು ಹೊರಗಿನ ಬೆಲ್ಟು. ಕಷ್ಟ ಇರುವುದು ಇಲ್ಲೇ: ಒಳಗೆ ದ್ರವ, ಹೊರಗೆ ಗಾಳಿ, ನಡುವೆ ತಿರುಗುವ ಶಾಫ್ಟು. ದ್ರವ ಹೊರಬರದಂತೆ ತಡೆಯುವುದು ಸೀಲ್, ಅಂದರೆ ಒಂದಕ್ಕೊಂದು ಒತ್ತಿಕೊಂಡ ಎರಡು ನುಣುಪಾದ ಉಂಗುರಗಳು. ಒಂದು ಶಾಫ್ಟಿನೊಂದಿಗೆ ತಿರುಗುತ್ತದೆ, ಇನ್ನೊಂದು ನಿಂತಲ್ಲೇ ಇರುತ್ತದೆ. ಇವೆರಡರ ನಡುವೆ ಕೂದಲಿಗಿಂತ ತೆಳುವಾದ ಕೂಲಂಟ್ ಪದರವೇ ಎಣ್ಣೆಯ ಕೆಲಸ ಮಾಡುತ್ತದೆ.

ಬೋರ್‌ವೆಲ್ ನೀರು ಹಾಕಿದರೆ? ಗೀಸರ್ ಕಾಯಿಲ್ ಮೇಲೆ ಕಟ್ಟಿಕೊಳ್ಳುವ ಬಿಳಿ ಪೊರೆಯನ್ನು ನೆನಪಿಸಿಕೊಳ್ಳಿ. ಗಡಸು ನೀರಿನ ಸುಣ್ಣದಂಶ ಅದೇ ರೀತಿ ಎಂಜಿನ್ ಒಳಗೂ ಕೂರುತ್ತದೆ, ಸೀಲಿನ ಮೇಲೂ ಕೂತು ಅದನ್ನು ಉಜ್ಜುತ್ತದೆ. ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಬರೀ ನೀರಿನಲ್ಲಿ ಅವಿಲ್ಲ. ಎದ್ದ ತುಕ್ಕಿನ ಪುಡಿ ಉಪ್ಪುಕಾಗದದಂತೆ ಸೀಲನ್ನು ಸವೆಸುತ್ತದೆ. ನೀರು ಅಲ್ಲಲ್ಲಿ ಕುದಿದು ಏಳುವ ಗುಳ್ಳೆಗಳು ಪಂಪಿನ ಚಕ್ರದ ಬಳಿ ಒಡೆದಾಗ ಲೋಹದಲ್ಲೂ ಸಣ್ಣ ಗುಳಿ ಬೀಳುತ್ತದೆ. ಯಾವುದೂ ಒಂದು ದಿನದಲ್ಲಿ ಆಗುವುದಿಲ್ಲ. ಹಾಗಾಗಿಯೇ "ನಾನು ಎರಡು ವರ್ಷದಿಂದ ನೀರೇ ಹಾಕ್ತಿದೀನಿ, ಏನೂ ಆಗಿಲ್ಲ" ಎನ್ನುವವರ ಮಾತು ಸುಳ್ಳಲ್ಲದಿದ್ದರೂ ಪುರಾವೆಯಲ್ಲ.

ಅರಿಶಿನದ ವಿಷಯ. ರೇಡಿಯೇಟರಿನ ಸೂಜಿಮೊನೆಯಷ್ಟು ತೂತಿನಲ್ಲಿ ಆ ಪುಡಿ ಉಬ್ಬಿ ಕೂತು ಸೋರಿಕೆ ಕೆಲಕಾಲ ನಿಲ್ಲಬಹುದು. ದೂರದ ದಾರಿಯ ಡ್ರೈವರುಗಳು ಗ್ಯಾರೇಜ್ ಮುಟ್ಟುವ ತನಕ ಬಳಸಿದ ಉಪಾಯ ಅದು, ಅವರ ಜಾಣ್ಮೆ ಬಗ್ಗೆ ನನಗೇನೂ ತಕರಾರಿಲ್ಲ. ಆದರೆ ಪಂಪಿನ ಸೋರಿಕೆ ಆಗುವುದು ತಿರುಗುವ ಉಂಗುರಗಳ ನಡುವೆ. ಅಲ್ಲಿ ಪುಡಿ ಕೂರುವುದಿಲ್ಲ. ಬದಲಿಗೆ ರೇಡಿಯೇಟರಿನ ಸಪೂರ ಕೊಳವೆಗಳಲ್ಲಿ ಸೇರಿಕೊಂಡು ಇನ್ನೊಂದು ಖರ್ಚಿಗೆ ದಾರಿ ಮಾಡುತ್ತದೆ.

ಪಂಪ್ ಕೆಡುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಅದರ ಮೈಯಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಸೀಲ್ ಸವೆದರೆ ಕೂಲಂಟ್ ಬೇರಿಂಗಿಗೆ ಹೋಗದೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಒಣಗಿದ ಹಸಿರು, ಗುಲಾಬಿ ಅಥವಾ ಬಿಳಿ ಕಲೆ ಅಲ್ಲಿ ಕಂಡರೆ, ಕಾರು ನಿಂತ ಜಾಗದಲ್ಲಿ ಮುಂಭಾಗದ ಕೆಳಗೆ ಹನಿ ಬಿದ್ದಿದ್ದರೆ, ಬೆಲ್ಟಿನ ಕಡೆಯಿಂದ ಗೊರಗೊರ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸಿ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿಸಬೇಡಿ. ಸೋರಿಕೆ ನಿಂತಂತೆ ಕಾಣುತ್ತದೆ, ಬೇರಿಂಗ್ ಹಾಳಾಗುತ್ತದೆ.

ಬದಲಿಸುವಾಗ ಮೆಕ್ಯಾನಿಕ್ "ಟೈಮಿಂಗ್ ಬೆಲ್ಟೂ ಹಾಕಿಬಿಡೋಣ ಸಾರ್" ಎಂದರೆ ಅನುಮಾನ ಪಡುವವರೇ ಹೆಚ್ಚು. ಕೆಲವು ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಅದೇ ಬೆಲ್ಟು, ಅದನ್ನು ಬಿಚ್ಚದೆ ಪಂಪ್ ಕೈಗೆ ಸಿಗುವುದಿಲ್ಲ. ಮಜೂರಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕಿಸುವುದೇ ಲಾಭ. ಪಂಪ್ ಹಿಡಿದುಕೊಂಡು ಆ ಬೆಲ್ಟ್ ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ವಾಲ್ವ್‌ಗಳಿಗೆ ಪಿಸ್ಟನ್ ಬಡಿಯುತ್ತದೆ. ನಿಮ್ಮ ಕಾರಿನಲ್ಲಿ ಬೆಲ್ಟಿದೆಯೋ ಚೈನಿದೆಯೋ ಎಂಬುದು ಕಾರಿನ ಪುಸ್ತಕದಲ್ಲಿದೆ. ಕೂಲಂಟ್ ಯಾವುದು, ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದೂ ಅಲ್ಲೇ ಇದೆ. ಬಣ್ಣ ನೋಡಿ ಕೊಳ್ಳಬೇಡಿ, ಎಲ್ಲ ಕಂಪನಿಗಳಿಗೂ ಒಂದೇ ಬಣ್ಣದ ನಿಯಮವೇನೂ ಇಲ್ಲ. ಹೊಸ ಪಂಪ್ ಕೂರಿಸಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆದರೇ ಎಂದು ಕೇಳಿ, ಗಾಳಿ ಉಳಿದರೆ ಹೊಸ ಪಂಪಿದ್ದೂ ಎಂಜಿನ್ ಕಾಯುತ್ತದೆ.

ದಾರಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಮುಚ್ಚಳ ಮುಟ್ಟಬೇಡಿ. ವಿಸಿಲ್ ಇಳಿಯದ ಕುಕ್ಕರ್ ತೆರೆದಂತೆ, ಒತ್ತಡ ಬಿಟ್ಟ ಕೂಡಲೇ ಒಳಗಿನ ದ್ರವ ಆವಿಯಾಗಿ ಮುಖಕ್ಕೆ ಸಿಡಿಯುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೋಡಿ. ಕೂಲಂಟ್ ಕಡಿಮೆಯಾಗಿದ್ದರೆ ಗ್ಯಾರೇಜ್ ತನಕ ಕುಡಿಯುವ ಬಾಟಲಿ ನೀರು ಹಾಕಬಹುದು, ಅದರಲ್ಲಿ ತಪ್ಪಿಲ್ಲ. ಹಾಕಿದ್ದು ಹಾಕಿದಂತೆ ಸೋರುತ್ತಿದ್ದರೆ ಅಥವಾ ಬೆಲ್ಟ್ ಕಡಿದಿದ್ದರೆ ಮಾತ್ರ ಟೋ ಮಾಡಿಸಿ. ಮುಳ್ಳು ಕೆಳಗಿದೆ ಎಂದು ಓಡಿಸಬೇಡಿ: ಕೂಲಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ಉಳಿದು ತಪ್ಪು ಉಷ್ಣತೆ ತೋರಿಸಬಹುದು.

ಇನ್ನೊಂದು ಮಾತು, ಕಾರಿಗಿಂತ ಮನೆಗೆ ಸಂಬಂಧಿಸಿದ್ದು. ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಬಣ್ಣ ಶರಬತ್ತಿನಂತಿರುತ್ತದೆ. ಮಿಕ್ಕ ಕೂಲಂಟನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ, ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕುವ ಮೊದಲೇ ತೊಳೆಯಿರಿ. ಮಗು ಒಂದು ಗುಟುಕು ಕುಡಿದಿರಬಹುದು ಎಂಬ ಸಂಶಯ ಬಂದರೂ ಲಕ್ಷಣಕ್ಕಾಗಿ ಕಾಯದೆ, ಡಬ್ಬವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.